ಸುರಪುರದ ಫ್ರಿಜ್ಜು ಒದರಲಿಲ್ಲ

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ದವಾಖಾನೆ ಇರುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆ ವರ್ಷ ಎಲ್ಲ ಯಂತ್ರಗಳ ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹೊಸದು ಹಾಕಬೇಕೆಂದು ಮೇಲಿನಿಂದ ಹುಕುಂ ಬಂತು. ಹಳೆಯದಕ್ಕೆ ಇನ್ನು ಕಾವಲಿಲ್ಲ, ಯಾವ ಕಳ್ಳನಾದರೂ ಹೊಕ್ಕಾನು ಎಂಬುದು ಕಾರಣ. ಕಾರಣ ಸರಿಯಾಗಿಯೇ ಇತ್ತು. ಆದರೆ ಮುದಿ ಎತ್ತು ಹೊಸ ಕೊಟ್ಟಿಗೆಯಲ್ಲಿ ಮೇವು ಮುಟ್ಟದಂತೆ, ಹಳೆಯ ಕೆಲವು ಸಾಫ್ಟ್‌ವೇರ್‌ಗಳು ಹೊಸ ಸಿಸ್ಟಂನಲ್ಲಿ ಮೊಂಡು ಬೀಳುತ್ತವೆ. ಯಾವುದು ಬೀಳುತ್ತದೆಂದು ಮೊದಲೇ ಹುಡುಕಿ ತೆಗೆಯಬೇಕಾದವನು ನಾನು. ಹುಟ್ಟಾ ಪುಕ್ಕಲ, ಕೆಲಸಕ್ಕೆ ತಕ್ಕ ಸ್ವಭಾವ.

ಬಿಲ್ಲಿಂಗ್ ನಿಂತರೆ ಜನ ಬೈಯುತ್ತಾರೆ, ಬೈಸಿಕೊಂಡರಾಯಿತು. ನನಗೆ ಭಯವಿದ್ದದ್ದು ಸುರಪುರದಲ್ಲಿ ರಕ್ತ ಇಡುವ ಫ್ರಿಜ್ಜಿನದು. ಅದರ ತಂಪು ಹೆಚ್ಚುಕಡಿಮೆಯಾದರೆ ಪಕ್ಕದ ಕಂಪ್ಯೂಟರ್ ಜೋರಾಗಿ ಒದರುತ್ತಿತ್ತು. ಆ ಸಾಫ್ಟ್‌ವೇರ್ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದೇ ಫ್ರಿಜ್ಜಿನಲ್ಲಿ ನನ್ನ ತಂಗಿಗೆಂದು ತರಿಸಿಟ್ಟ ರಕ್ತದ ಚೀಲಗಳಿದ್ದವು. ಚೊಚ್ಚಲ ಹೆರಿಗೆಗೆಂದು ತವರಿಗೆ, ಸುರಪುರದ ನಮ್ಮ ಮನೆಗೆ, ಬಂದಿದ್ದಳು. ಮೈಯಲ್ಲಿ ರಕ್ತ ಕಡಿಮೆ. ಗುಂಪು ಓ ನೆಗೆಟಿವ್, ಕೇಳಿದಲ್ಲಿ ಸಿಗುವಂಥದ್ದಲ್ಲ. ದಿನಗಳೂ ತುಂಬಿದ್ದವು.

ಆ ಒಂದು ಯಂತ್ರವನ್ನು ನೆಟ್‌ವರ್ಕಿನಿಂದ ಬಿಡಿಸಿ ಹಳೆಯದರಲ್ಲೇ ಬಿಡೋಣವೆಂದು ಮೇಲಧಿಕಾರಿಯ ಬೆನ್ನು ಹತ್ತಿದೆ. “ಒಂದನ್ನ ಬಿಟ್ರ ಎಲ್ಲಾರೂ ತಮ್ದೊಂದು ಬಿಡ್ರಿ ಅಂತಾರ” ಎಂದು ಅವರು ಮಾತು ಮುಗಿಸಿದರು. ಗುತ್ತಿಗೆಯವರು ಹೋಗಿ ಹೊಸದು ಹಾಕಿದರು. ಸಾಫ್ಟ್‌ವೇರ್ ತೆರೆಯುತ್ತದೆ, ಹಸಿರು ದೀಪ ತೋರಿಸುತ್ತದೆ ಎಂದರು. ನಾನು ಅಲ್ಲಿನ ಲ್ಯಾಬಿನ ಅಕ್ಕನಿಗೆ ಫೋನು ಮಾಡಿದೆ.

“ಎಲ್ಲಾ ಛಲೋ ನಡದದಲ್ರಿ ಅಕ್ಕಾರ?”

“ಹೂಂ ರೀ, ಮಸ್ತ್ ಅದರಿ.”

ನಮ್ಮ ಜನರ ‘ಮಸ್ತ್’ ನಂಬುವುದಾದರೂ ಹೇಗೆ? ಜ್ವರದಲ್ಲಿ ಮಲಗಿದವನನ್ನು ಕೇಳಿದರೂ ‘ಆರಾಮ ಅದೀನ್ರಿ’ ಎನ್ನುವ ಸೀಮೆ ಇದು. ಮರುದಿನ ಮತ್ತೆ ಕೇಳಿದೆ, ಅದೇ ಮಸ್ತ್. ಇನ್ನು ತಡೆಯಲಾಗದೆ, ಬರುತ್ತೇನೆಂದು ಹೇಳಿ ಯಾದಗಿರಿಯಿಂದ ಬಸ್ಸು ಹತ್ತಿದೆ. ಶಹಾಪುರದಲ್ಲಿ ಬುದ್ಧ ಮಲಗಿದಂಥ ಬೆಟ್ಟ ಕಂಡಾಗ, ಇವನಿಗೆ ಯಾವ ಫ್ರಿಜ್ಜಿನ ಚಿಂತೆಯೂ ಇಲ್ಲವಲ್ಲ ಎಂದು ಸಿಟ್ಟೇ ಬಂತು.

ಸುರಪುರ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕ ನನ್ನನ್ನು ಫ್ರಿಜ್ಜಿನ ಹತ್ತಿರ ಬಿಡಲೇ ಇಲ್ಲ. ಮೊದಲು ನೀರು, ಆಮೇಲೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ. “ಮೊದ್ಲ ತಿನ್ರಿ, ಕೆಲ್ಸ ಎಲ್ಲಿ ಓಡಿ ಹೋಗ್ತದ?” ಫ್ರಿಜ್ಜಿನ ಕಡೆ ಕಣ್ಣಿಟ್ಟುಕೊಂಡೇ ತಿಂದೆ. ತಾಟು ತೆಗೆದ ಮೇಲೆ ಅಕ್ಕ ದನಿ ತಗ್ಗಿಸಿದರು.

“ಒಂದು ಸಣ್ಣ ಮಾತ್ರಿ. ಅವ್ರು ಹೊಸಾದು ಹಾಕಿ ಹೋದಾಗಿಂದ ಅದು ಒಮ್ಮಿನೂ ಒದರಿಲ್ರಿ. ನಿನ್ನಿ ಕರೆಂಟ್ ಹೋಗಿತ್ತು, ಜನರೇಟರ್ ಲಗೂನ ಚಾಲೂ ಆಗ್ಲಿಲ್ಲ. ಕಂಪ್ಯೂಟರ್ ಬ್ಯಾಟರಿ ಮ್ಯಾಲ ನಡದಿತ್ತು, ಆಗೂ ಒದರಲಿಲ್ಲ.”

“ಫೋನಿನ್ಯಾಗ ಯಾಕ ಹೇಳ್ಲಿಲ್ರಿ?”

“ನೀವ ಛಲೋ ನಡದದಲ್ರಿ ಅಂದ್ರಿ. ನಿಮ್ಮ ಮಾತಿಗೆ ಇಲ್ಲ ಅಂತ ಹ್ಯಾಂಗ ಅನ್ಲಿ? ಹ್ಯಾಂಗೂ ಬರ್ತೀರಿ, ಹೊಟ್ಟಿಗೆ ಒಂದೀಟು ಬಿದ್ದ ಮ್ಯಾಲ ಹೇಳೋಣಂತ ಇದ್ದೆ.”

ಬಿಸಿಲಲ್ಲಿ ಬಂದವರಿಗೆ ಉಣ್ಣುವ ಮೊದಲು ಕೆಟ್ಟ ಸುದ್ದಿ ಹೇಳಬಾರದೆಂದು ನಮ್ಮವ್ವ ನನಗೂ ಕಲಿಸಿದ್ದಳು. ಚೀಲಗಳನ್ನು ಐಸ್ ಪೆಟ್ಟಿಗೆಗೆ ಹಾಕಿಸಿ, ಫ್ರಿಜ್ಜಿನ ಬಾಗಿಲು ತೆರೆದು ಕಾದೆ. ತಣ್ಣನೆ ಗಾಳಿ ಹೊರಬಿದ್ದು ಹೋಯಿತು, ಒಳಗೆ ಕೈಯಿಟ್ಟರೆ ಬೆಚ್ಚಗಾಗುತ್ತಿತ್ತು. ಪರದೆಯ ಮೇಲಿನ ಹಸಿರು ದೀಪ ಮಾತ್ರ ಹಾಗೇ ಇತ್ತು. ಸಾಫ್ಟ್‌ವೇರ್ ತೆರೆದುಕೊಂಡಿತ್ತು, ಅಷ್ಟೇ. ಫ್ರಿಜ್ಜಿನ ಸುದ್ದಿ ಅದಕ್ಕೆ ಮುಟ್ಟುತ್ತಲೇ ಇರಲಿಲ್ಲ. ಕರೆಂಟ್ ಹೋದಾಗ ರಕ್ತ ಎಷ್ಟು ಬೆಚ್ಚಗಾಗಿತ್ತು, ಎಷ್ಟು ಹೊತ್ತು ಹಾಗಿತ್ತು, ಈಗ ಹೇಳುವವರು ಯಾರೂ ಇರಲಿಲ್ಲ. ಡಾಕ್ಟರಿಗೆ ಹೇಳಿ ಕಳಿಸಿದೆ.

ಡಾಕ್ಟರು ಬಂದು ಕೇಳಿಸಿಕೊಂಡರು. “ಖಾತ್ರಿ ಇಲ್ಲದ ರಕ್ತ ಯಾರಿಗೂ ಏರ್ಸೂದು ಬ್ಯಾಡ. ಚೆಲ್ರಿ” ಎಂದರು. ತಂಗಿಯನ್ನು ನೋವು ಬರುವ ಮೊದಲೇ ಯಾದಗಿರಿಗೆ ಸಾಗಿಸಿರಿ, ಅಲ್ಲಿ ಬೇರೆ ರಕ್ತ ಹೊಂದಿಸಲು ಹೇಳುತ್ತೇನೆ ಎಂದೂ ಅಂದರು.

ಮನೆಯಲ್ಲಿ ಅವ್ವ, ತುಂಬಿದ ಬಸುರಿಯನ್ನು ಹೀಗೆ ಹೊಸ್ತಿಲು ದಾಟಿಸುವುದೇ ಎಂದು ಅಳತೊಡಗಿದಳು. ತಂಗಿ ಅಳಲಿಲ್ಲ. ಸೀರೆ ಸರಿಪಡಿಸಿಕೊಂಡು ಬಂದು ಗಾಡಿ ಹತ್ತಿದಳು. ಊರು ದಾಟಿದ ಮೇಲೆ ನಾನು ನಡೆದದ್ದನ್ನೆಲ್ಲ ಹೇಳಿದೆ.

“ಅಣ್ಣಾ, ನಂಗ ಇವತ್ತು ಮುಂಜಾನಿನ ನೋವು ಬಂದಿದ್ರ, ಆ ರಕ್ತಾನ ಏರಸ್ತಿದ್ರೇನು?”

“ಹೂಂ” ಎಂದೆ.

ಅವಳು ಎರಡೂ ಕೈಗಳಿಂದ ಹೊಟ್ಟೆಯನ್ನು ಹಿಡಿದುಕೊಂಡಳು. ಯಾದಗಿರಿ ಬರುವವರೆಗೂ ನನ್ನ ಮುಖ ನೋಡಲಿಲ್ಲ.