ಟವಲಿನ ಕೆಳಗಿನ ಕೈ

ಚಿಂತಾಮಣಿಯ ನಮ್ಮ ಬೀದಿಯಲ್ಲಿ ಸಂಜೆಹೊತ್ತು ಕಣ್ಣಿಗೆ ಕಾಣದ ಎತ್ತುಗಳು ಓಡಾಡುತ್ತಿದ್ದವು. ನಗಬೇಡಿ. ಜೀವಮಾನವೆಲ್ಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಈ ಅಕ್ಕಯಮ್ಮ ಟೀಚರೇ ತರಕಾರಿ ಚೀಲ ಎದೆಗವಚಿಕೊಂಡು ಅವಕ್ಕೆ ದಾರಿ ಬಿಟ್ಟಿದ್ದಾಳೆ. ಎದುರುಮನೆ ಜಗಲಿಯ ಮೇಲಿಂದ ಲಾಲ್ ಬಾಷಾ ಸಾಬರು "ಹುಷಾರು ಟೀಚರಮ್ಮ, ಅದು ಹಾಯುತ್ತೆ" ಅಂದರೆ ಪಕ್ಕಕ್ಕೆ ಸರಿಯದೆ ಇರಲಾಗುತ್ತಿರಲಿಲ್ಲ. ಬಿಸಿಲು ಇಳಿದು ಧೂಳು ಕೆಂಪಗಾಗುವ ಆ ಹೊತ್ತಿನಲ್ಲಿ ನನಗೂ ಕೊರಳಗಂಟೆಯ ಸದ್ದು ಕೇಳಿಸಿದಂತಾಗುತ್ತಿತ್ತು.

ಸಾಬರು ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದವರು. ಆ ವ್ಯಾಪಾರ ಬಾಯಿಯದಲ್ಲ, ಕೈಯದು. ಕೊಳ್ಳುವವನ ಕೈ ಹಿಡಿದು, ಮೇಲೆ ಟವಲು ಮುಚ್ಚಿ, ಬೆರಳು ಅದುಮಿ ಅದುಮಿ ಬೆಲೆ ಕೇಳುತ್ತಾರೆ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಕೊಳ್ಳುವವನು ಒಪ್ಪಿ ತಲೆಯಾಡಿಸಿದರೆ ಮುಗಿಯಿತು. ಅಲ್ಲಿಯ ತನಕ ಸಾಬರು ಹಿಡಿದ ಕೈ ಬಿಟ್ಟವರಲ್ಲ ಎಂದು ಸಂತೆಗೆಲ್ಲ ಹೆಸರು.

ಈ ಕಥೆ ಮಾತ್ರ ಅವರ ಹೆಂಡತಿ ಶಹಜಾದಿಯದು. ಅವಳು ಬಳೆ ಮಾರುತ್ತಿದ್ದಳು.

ಅರವತ್ತು ಇನ್ನೂ ದೂರವಿರುವಾಗಲೇ ಸಾಬರಿಗೆ ಮರೆವು ಹಿಡಿಯಿತು. ಮೊದಲು ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದು ಹೋಯಿತು, ಆಮೇಲೆ ಮನೆಯ ದಾರಿ, ಆಮೇಲೆ ಮಗಳ ಹೆಸರು. ಡಾಕ್ಟರೊಬ್ಬರು ನೋಡಿ, "ಅರಳುಮರಳು ಕಣಮ್ಮ, ಇದಕ್ಕೆಲ್ಲ ಆಸ್ಪತ್ರೆಗೆ ಬರ್ತಾರೇನು?" ಎಂದು ನಕ್ಕು ಕಳಿಸಿದರು. ನೆಂಟರು ಹುಚ್ಚು ಅಂದರು, ಕೋಣೆಗೆ ಹಾಕಿ ಚಿಲಕ ಹಾಕು ಅಂದರು. ಅರಳುಮರಳು, ಹುಚ್ಚು, ನಮ್ಮೂರಿನಲ್ಲಿದ್ದದ್ದು ಈ ಎರಡೇ ಮಾತು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಮರ್ಯಾದೆಯಿಲ್ಲ. ನನಗೆ ಮೈಯೆಲ್ಲ ಉರಿಯಿತು. ಶಹಜಾದಿ ಮಾತ್ರ ಅಂಗಳದಲ್ಲಿ ಹುಲ್ಲು ಹರವಿದಳು, ಗಂಡ ತಂದ ಆ ಕಾಣದ ಎತ್ತುಗಳು ಹಸಿದಿರಬಾರದಲ್ಲ.

ಗಂಡನನ್ನು ತೋರಿಸಲು ಹೋದಾಗ ಬೆಂಗಳೂರಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗೆ ವರಲಕ್ಷ್ಮಮ್ಮ ಸಿಕ್ಕಿದರು. ಅವರ ಗಂಡನಿಗೂ ಇದೇ ಕಾಯಿಲೆ. ಇಂಥ ಮನೆಯವರನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದ್ದರು. ಇದು ಮುಪ್ಪಲ್ಲ, ಕಾಯಿಲೆ ಎಂದು ಸರ್ಕಾರ ಬರೆಯಬೇಕು, ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಬೇಕು. ಸಂಘ ಕೇಳುತ್ತಿದ್ದದ್ದು ಇಷ್ಟೇ.

"ಹಳ್ಳಿ ಕಡೆ ಈ ಕಾಯಿಲೇನೇ ಇಲ್ಲ ಅಂತಾರಮ್ಮ ಸರ್ಕಾರದೋರು," ಎಂದರು ವರಲಕ್ಷ್ಮಮ್ಮ.

"ಬಾಗ್ಲಲ್ಲೇ ನಿಂತು ಕೇಳಿದ್ರೆ ಯಾರು ಹೇಳ್ತಾರೆ? ನಾನು ಬಳೆಯವಳು, ನಡುಮನೆ ತನಕ ಹೋಗ್ತೀನಿ," ಎಂದಳು ಶಹಜಾದಿ.

ಬಳೆ ತೊಡಿಸುವಾಗ ಹೆಂಗಸಿನ ಕೈ ಬಳೆಯವಳ ಕೈಯಲ್ಲಿರುತ್ತದೆ. ಗಿಣ್ಣು ಒತ್ತಿ ಬಳೆ ಏರಿಸುವಾಗ ತೊಡುವವಳು ನೋವಿಗೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆಗ ಶಹಜಾದಿ ಮೆಲ್ಲಗೆ ಕೇಳುತ್ತಿದ್ದಳು: "ಆ ಚಿಲಕ ಹಾಕಿರೋ ರೂಮಲ್ಲಿ ಯಾರಮ್ಮ ಇದಾರೆ?" ಬಾಗಿಲುಗಳು ಒಂದೊಂದಾಗಿ ತೆರೆದವು. ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ತೊಟ್ಟಿಲೆಂದು ತಿಳಿದು ಜೋಗುಳ ಹಾಡುವ ಅಜ್ಜಿ. ಗೌರಿಬಿದನೂರಿನಲ್ಲಿ, ಎಂದೋ ನಿಂತುಹೋದ ಮಿಲ್ಲಿನ ಸೈರನ್ನಿಗೆ ಕಾಯುತ್ತಾ ಬುತ್ತಿ ಹಿಡಿದು ಕೂತ ಯಜಮಾನರು. ಶಹಜಾದಿ ಅವರ ಕನಸುಗಳನ್ನೆಲ್ಲ ಬಳೆಗಳ ಜೊತೆ ಹೊತ್ತು ತಂದು ನನ್ನ ಜಗಲಿಯ ಮೇಲೆ ಹೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ನಮ್ಮ ಬೀದಿಯೇ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು.

ತೊಂಬತ್ತೇಳರಲ್ಲಿ, ಹಿರಿಯರಿಗಾಗಿ ಇಡೀ ದೇಶಕ್ಕೆ ಒಂದು ನೀತಿ ಬರುತ್ತದೆ, ಜನರ ಮಾತು ಕೇಳಲು ಅಧಿಕಾರಿಗಳು ಚಿಕ್ಕಬಳ್ಳಾಪುರಕ್ಕೆ ಬರುತ್ತಾರೆ ಎಂದು ಸಂಘಕ್ಕೆ ಸುದ್ದಿ ಬಂತು. ಮರೆವು ಕಾಯಿಲೆ ಎಂಬ ನಮ್ಮ ಒಂದು ಸಾಲು ಅದರಲ್ಲಿ ಈಗ ಸೇರಿದರೆ ಸೇರಿತು, ಇಲ್ಲವಾದರೆ ಇನ್ನೆಷ್ಟು ವರ್ಷವೋ. ಸಾಬರನ್ನು ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಕಾಯಲು ನಾನೂ ಹೊರಟೆ. ಬಸ್ಸಿನ ಕಿಟಕಿಯಾಚೆ ನಂದಿಬೆಟ್ಟ ಮಂಜಿನೊಳಗೆ ಕರಗಿತ್ತು. ಸಾಬರು ಅದನ್ನು ಮಲಗಿದ ಎತ್ತೆಂದು ತಿಳಿದು, ಎಬ್ಬಿಸಬೇಡಿ ಅಂದರು.

ಪ್ರವಾಸಿ ಮಂದಿರಕ್ಕೆ ಮೊದಲೇ ಬಂದಿದ್ದ ವರಲಕ್ಷ್ಮಮ್ಮ ನಮ್ಮ ಅರ್ಜಿ ಮುಂದಿಟ್ಟರು. ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಂಡರು. ಆದರೆ ಕೇಳುವ ಕಿವಿ ಇರಲಿಲ್ಲ. "ಕಣ್ಣು, ಮಂಡಿ, ಪೆನ್ಷನ್ನು, ಎಲ್ಲಾ ಹಾಕಿದ್ದೀವಮ್ಮ. ಮರೆವು ಯಾರಿಗಿಲ್ಲ? ನಿನ್ನೆ ನಾನೇ ಕನ್ನಡಕ ಮರೆತೆ," ಎಂದು ಎದ್ದು, ಹೋಗಿಬನ್ನಿ ಎಂಬಂತೆ ಕೈ ಚಾಚಿದರು.

ನನ್ನ ಪಕ್ಕದಲ್ಲಿದ್ದ ಸಾಬರು ನಾನು ನೋಡುವಷ್ಟರಲ್ಲಿ ಮುಂದೆ ನಡೆದಿದ್ದರು. ಚಾಚಿದ ಕೈ ಹಿಡಿದು ಹೆಗಲಿನ ಟವಲು ಮುಚ್ಚಿಯೇಬಿಟ್ಟರು.

"ಏನಿದು? ಕೈ ಬಿಡ್ರೀ!" ಎಂದರು ಅಧಿಕಾರಿ.

ನನಗೆ ತಡೆಯಲಾಗಲಿಲ್ಲ. "ಕೈ ಬಿಡೋದು ನಿಮ್ಮ ಇಲಾಖೆ ಅಭ್ಯಾಸ ಸಾರ್, ಇವರದಲ್ಲ," ಎಂದುಬಿಟ್ಟೆ.

ಜವಾನ ಎಳೆಯಲು ಬಂದ. ಶಹಜಾದಿ ಅಡ್ಡ ನಿಂತಳು. "ಎಳೀಬೇಡಪ್ಪ, ಹೆದರ್ಕೊಂತಾರೆ. ಸಾರ್, ಅವರಿಗೆ ಇದು ಸಂತೆ. ನೀವು ಒಪ್ಕೊಂಡೆ ಅಂತ ತಲೆ ಆಡಿಸಿ, ಅವರೇ ಬಿಡ್ತಾರೆ."

"ಏನು ಕೇಳ್ತಿದ್ದಾರೆ ಇವರು?"

"ನನಗೆ ಹೆಂಗೆ ಗೊತ್ತಾಗ್ಬೇಕು ಸಾರ್? ಟವಲ್ ಕೆಳಗಿಂದು ನಿಮ್ಮಿಬ್ಬರಿಗೇ ಗೊತ್ತು."

ಟವಲಿನ ಕೆಳಗೆ ಬೆರಳುಗಳು ಅಲುಗುತ್ತಿದ್ದವು. ಅಧಿಕಾರಿ ಸಾಬರ ಮುಖವನ್ನೇ ನೋಡುತ್ತಾ ನಿಂತರು. ತುಂಬ ಹೊತ್ತಾದ ಮೇಲೆ ತಲೆಯಾಡಿಸಿದರು. ಸಾಬರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ವ್ಯಾಪಾರ ಕುದುರಿದ ಗತ್ತಿನಲ್ಲಿ ಹೊರಗೆ ನಡೆದರು.

"ಒಪ್ಪಿದ್ದೀರಿ ಸಾರ್, ಎಲ್ಲರೂ ನೋಡಿದ್ದಾರೆ," ಎಂದರು ವರಲಕ್ಷ್ಮಮ್ಮ, ತಡಮಾಡದೆ. ಅಧಿಕಾರಿ ಕೂತು ನಮ್ಮ ಸಾಲನ್ನು ತಮ್ಮ ಕೈಯಾರೆ ಬರೆದುಕೊಂಡರು.

ದೆಹಲಿಯಲ್ಲಿ ಆ ಸಾಲು ಏನಾಯಿತೋ ನಮಗೆ ತಿಳಿಯಲಿಲ್ಲ. ವರಲಕ್ಷ್ಮಮ್ಮ ಬೈದುಕೊಳ್ಳುತ್ತಾ ಮತ್ತೆ ಅರ್ಜಿ ಹಿಡಿದು ಓಡಾಡಿದರು. ಆದರೆ ಮರುವರ್ಷ ನಮ್ಮೂರ ಆಸ್ಪತ್ರೆಗೆ ಬಂದ ಹೊಸ ಡಾಕ್ಟರು ಸಾಬರ ಚೀಟಿಯಲ್ಲಿ ಮರೆವಿನ ಕಾಯಿಲೆ ಎಂದು ಬರೆದರು. ಶಹಜಾದಿ ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿ, "ಕಾಯಿಲೆ ಅಂದ್ರಲ್ಲ, ಸಾಕು," ಎಂದು ಅತ್ತಳು. ನಾನೂ ಅತ್ತೆ.

ಅಷ್ಟರಲ್ಲಿ ಸಾಬರಿಗೆ ಅವಳು ಯಾರೆಂಬುದೂ ಮರೆತುಹೋಗಿತ್ತು. ಬೀದಿಯ ಎತ್ತುಗಳೂ ಒಂದೊಂದಾಗಿ ಎಲ್ಲೋ ಹೊರಟುಹೋದವು. ಉಳಿದದ್ದು ಟವಲೊಂದೇ. ಸಂಜೆಯಾದರೆ ಜಗಲಿಯ ಮೇಲೆ ಅವಳ ಕೈ ಹಿಡಿದು, ಟವಲು ಮುಚ್ಚಿ, ಯಾರೋ ಕೊಳ್ಳುವವಳೆಂದು ಬೆರಳು ಅದುಮುತ್ತಾ ಕೂರುತ್ತಿದ್ದರು. ಒಂದು ದಿನ ಒಳಗೆ ಸಾರು ಉಕ್ಕಿ ಸುಟ್ಟ ವಾಸನೆ ಬಂದರೂ ಅವಳು ಏಳಲಿಲ್ಲ.

"ತಲೆ ಆಡಿಸಿ ಎದ್ದು ಬಾರೇ," ಎಂದೆ ನಾನು. "ಆ ಅಧಿಕಾರಿಗೆ ನೀನೇ ಹೇಳ್ಕೊಟ್ಟೆಯಲ್ಲ."

ಶಹಜಾದಿ ಕತ್ತು ಅಲುಗಿಸದೆ ಹಾಗೇ ಕೂತಿದ್ದಳು.

"ಒಪ್ಕೊಂಡ್ರೆ ಕೈ ಬಿಟ್ಬಿಡ್ತಾರೆ, ಟೀಚರಮ್ಮ," ಎಂದಳು.

ನಾನೇ ಒಳಗೆ ಹೋಗಿ ಸಾರಿನ ಪಾತ್ರೆ ಇಳಿಸಿದೆ.