ಆಯಮ್ಮ ಕ್ಯಾಪು ಹಾಕಿದ ಸೂಜಿಗಳು

ಮೊನ್ನೆ ರೇಷ್ಮೆ ಶೆಡ್ಡಿನಿಂದ ನೇರವಾಗಿ ಎದ್ದು ಬಂದ ಒಬ್ಬರು ಹಲ್ಲು ತೋರಿಸಲು ನನ್ನ ಮುಂದೆ ಕೂತರು. ಬಟ್ಟೆಯೆಲ್ಲ ಬೆಂದ ಗೂಡಿನ ವಾಸನೆ. ಹಿಂದೆ ನಮ್ಮ ಕ್ಲಿನಿಕ್ಕಿನಲ್ಲಿದ್ದ ಆಯಮ್ಮನ ಸೆರಗಿಗೂ ಇದೇ ವಾಸನೆ ಇತ್ತು...

ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ನಾನು ಚನ್ನಪಟ್ಟಣದಲ್ಲಿ ಹೊಸದಾಗಿ ದಂತವೈದ್ಯೆ ಅಂತ ಬೋರ್ಡು ಹಾಕಿದ್ದೆ. ಕ್ಲಿನಿಕ್ಕು ಗುಡಿಸಿ ಒರೆಸಲು ಬಂದ ಆಯಮ್ಮ ಅದಕ್ಕೆ ಮೊದಲು ಅರ್ಧ ಆಯುಷ್ಯ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಹಿಡಿದವಳು. ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಕಾದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಿದ್ದಳು. ಅದನ್ನು ನೋಡಿ ನಾನು ಬೆರಗಾಗುತ್ತಿದ್ದೆ, ಪೆದ್ದಿ.

ಬಳಸಿದ ಸೂಜಿ, ರಕ್ತದ ಹತ್ತಿ ಎಲ್ಲವನ್ನೂ ಬೇರೆ ಬೇರೆ ಮಾಡಿ ಅದಕ್ಕೆಂದೇ ಬರುವ ವ್ಯಾನಿಗೆ ಕೊಡಬೇಕು. ಕಾಲೇಜಿನಲ್ಲಿ ಓದಿದ್ದೆ. ಆದರೆ ವ್ಯಾನು ಬರುತ್ತಿದ್ದದ್ದು ದೊಡ್ಡ ಆಸ್ಪತ್ರೆಗಳಿಗೆ. ನನ್ನ ಒಂದು ಹಿಡಿ ಕಸಕ್ಕೆ ಯಾರು ಬರುತ್ತಾರೆ? ಫೋನು ಮಾಡಿ ಮಾಡಿ ಸಾಕಾಯಿತು. ತಿಪ್ಪೆಗೆ ಎಸೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಬಿಸಿತುಪ್ಪ. ಬಚ್ಚಲಲ್ಲಿ ಮೂಟೆಗಳು ಬೆಳೆದವು. ಕೈ ತೊಳೆಯಲು ಹೋದರೆ ಮೊಣಕಾಲಿಗೆ ತಗುಲುತ್ತಿದ್ದವು.

ಆಯಮ್ಮ ಪ್ರತಿ ಸೂಜಿಗೂ ಕೈಯಾರೆ ಕ್ಯಾಪು ಹಾಕಿಡುತ್ತಿದ್ದಳು. ಹಾಗೆ ಹಾಕುವಾಗಲೇ ಚುಚ್ಚುವುದು, ಬೇಡ ಅಂತ ಎಷ್ಟು ಬೈದರೂ ಕೇಳುತ್ತಿರಲಿಲ್ಲ. ಬೀದಿ ಗುಡಿಸುವವರಲ್ಲಿ ಅವಳ ತಂಗಿಯೂ ಇದ್ದಳು. "ಎಂದಾರ ಒಂದಿನ ಇವು ಬೀದಿಗೆ ಬೀಳೋವೇ ತಾನೆ ಡಾಕ್ಟ್ರಮ್ಮ? ನನ್ ಕೈಗೆ ಏನೂ ನಾಟಕಿಲ್ಲ. ಅವ್ರ ಕೈಗೆ ನಾಟ್ತದೆ," ಅನ್ನುತ್ತಿದ್ದಳು.

ಆಗ ಒಂದು ಫ್ಯಾಕ್ಟರಿಯವರು ತಮ್ಮ ಕೆಲಸಗಾರರನ್ನೆಲ್ಲ ನನ್ನ ಹತ್ತಿರವೇ ಕಳಿಸುತ್ತೇವೆ ಅಂದರು. ಕಸವನ್ನು ನಿಯಮದ ಪ್ರಕಾರ ವಿಲೇವಾರಿ ಮಾಡುತ್ತಿದ್ದೇನೆ ಅಂತ ಒಂದು ಕಾಗದಕ್ಕೆ ಸಹಿ ಬೇಕಿತ್ತು. ಹಾಕಿದೆ. ಕ್ಲಿನಿಕ್ಕು ನೋಡಲು ಅವರು ಬರುವ ಬೆಳಿಗ್ಗೆ, ಮೂಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿಬಿಡು ಅಂತ ಆಯಮ್ಮನಿಗೆ ಹೇಳಿದೆ. ಅಟ್ಟ ಸಣ್ಣದು. ಅವಳು ಮೂಟೆಗಳನ್ನು ಕೈಯಿಂದ ಅದುಮಿ ಅದುಮಿ ತುರುಕಿದಳು.

ಫ್ಯಾಕ್ಟರಿಯವರು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಆಯಮ್ಮ ಒಳಗೆ ಬಂದು ಬೆರಳು ತೋರಿಸಿದಳು. ಕ್ಯಾಪು ಕಳಚಿದ್ದ ಸೂಜಿ ಚುಚ್ಚಿತ್ತು.

"ನೋವೇ ಗೊತ್ತಾಗ್ನಿಲ್ಲ, ರಕ್ತ ಬಂದೈತೆ. ಏನಾರ ಆಯ್ತದಾ?"

"ಏನೂ ಆಗಲ್ಲ. ಕೈ ತೊಳ್ಕೊಂಡು ಅವ್ರಿಗೆ ಟೀ ತಗೊಂಡ್ಬಾ," ಅಂದೆ.

ಕೂಡಲೇ ರಕ್ತದಿಂದ ಹರಡುವ ಕಾಮಾಲೆಗೆ ಚುಚ್ಚುಮದ್ದು ಕೊಡಿಸಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕಾಲೇಜಿನಲ್ಲೇ ಹಾಕಿಸಿಕೊಂಡಿದ್ದೆ. ಆದರೆ ಅವಳನ್ನು ಕರೆದುಕೊಂಡು ಹೋದರೆ ಸೂಜಿ ಎಲ್ಲಿಯದು ಅಂತ ಕೇಳುತ್ತಾರೆ, ನನ್ನ ಸಹಿ ಸುಳ್ಳು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಇವತ್ತು, ನಾಳೆ ಅನ್ನುತ್ತಾ ಇದ್ದೆ... ಆಮೇಲೆ ಚುಚ್ಚುಮದ್ದು ಕೊಡಿಸುವ ಕಾಲವೂ ಮೀರಿತು. ದಿನಾ ಬೆಳಿಗ್ಗೆ ಅವಳು ಕಸ ಗುಡಿಸುವಾಗ ಕಣ್ಣು ಹಳದಿಯಾಗಿದೆಯೇ ಅಂತ ಕದ್ದು ನೋಡುತ್ತಿದ್ದೆ. ಮೂರನೇ ತಿಂಗಳು ಹಳದಿಯಾಗಿತ್ತು.

ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಲಿವರ್ ಪೂರ್ತಿ ಹೋಗಿದೆ, ಈಗ ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು ಆಸ್ಪತ್ರೆಯವರು. ಹೊಂಗನೂರಿನಲ್ಲಿ ಅವಳ ಮಗಳ ಮನೆ. ಮಗಳು ಅಳುತ್ತಿದ್ದರೆ ಆಯಮ್ಮ ನನ್ನ ಕಡೆ ಕೈ ತೋರಿಸಿ ಸಮಾಧಾನ ಹೇಳಿದಳು: "ಸುಮ್ಕಿರು. ಏನೂ ಆಗಕಿಲ್ಲ ಅಂತ ನಮ್ ಡಾಕ್ಟ್ರಮ್ಮ ಅವತ್ತೇ ಹೇಳವ್ರೆ." ನಾನು ಹೌದು ಅಂತ ತಲೆಯಾಡಿಸಿದೆ. ಐದನೇ ದಿನ ಹೋದಳು.

ಈಗ ನಮ್ಮಲ್ಲಿಗೂ ವ್ಯಾನು ಬರುತ್ತದೆ. ಸೂಜಿ ಕತ್ತರಿಸುವ ಯಂತ್ರವಿದೆ, ಕೆಲಸಕ್ಕೆ ಸೇರುವವರಿಗೆ ಮೊದಲ ದಿನವೇ ಚುಚ್ಚುಮದ್ದು. ಆಯಮ್ಮನ ಮಗಳು ಹಲ್ಲು ನೋವು ಬಂದಾಗೆಲ್ಲ ನನ್ನ ಹತ್ತಿರವೇ ಬರುತ್ತಿದ್ದಳು. ಹೋದ ವರ್ಷ, ಕೆಲಸಕ್ಕೆ ಸೇರಿದ ಹೊಸ ಹುಡುಗಿಗೆ ಈ ಚುಚ್ಚುಮದ್ದು ಯಾಕೆ ಅಂತ ಕೇಳಿದಳು. ಇನ್ನು ತಡೆದುಕೊಳ್ಳಲು ಆಗಲಿಲ್ಲ, ಎಲ್ಲ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. "ಸಾಯೋಗಂಟ ನಿಮ್ಮನ್ನ ನಂಬಿದ್ಲು," ಅಂದಳು. ಬಾತಿದ್ದ ಕೆನ್ನೆಯನ್ನು ಸೆರಗಿನಿಂದ ಒತ್ತಿ ಹಿಡಿದುಕೊಂಡು, ಹಲ್ಲು ಕೀಳಿಸದೆ ಎದ್ದು ಹೋದಳು. ಆಮೇಲೆ ಬಂದಿಲ್ಲ.