ತಳ ಒಡೆದ ಮಡಕೆಗಳು

ಮೊನ್ನೆ ನಮ್ಮ ಅಡುಗೆಮನೆಯ ಗೋಡೆಗೆ ಒಂದು ತೂತು ಕೊರೆಸಿದೆವು. ಹೊಗೆ ಎಳೆಯುವ ಯಂತ್ರವೊಂದು ಮನೆಗೆ ಬಂದಿತ್ತು. ಅದರ ಕೊಳವೆ ಹೊರಗೆ ಹೋಗಬೇಕಲ್ಲ. ಮಿಸ್ತ್ರಿ ಗೋಡೆ ಕೊರೆಯುತ್ತಿದ್ದ, ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಪಾತ್ರೆಗಳ ಮೇಲೆ ಬಟ್ಟೆ ಮುಚ್ಚುತ್ತಿದ್ದಳು, ನಾನು ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಮೇಲ್ವಿಚಾರಣೆ ನಡೆಸಿದ್ದೆ. ಇಂಥ ಕೆಲಸಗಳಲ್ಲಿ ನನ್ನ ಪಾಲು ಯಾವಾಗಲೂ ಅಷ್ಟೆ. ಗೋಡೆಯ ಪುಡಿ, ಹಳೆಯ ಮಸಿ ಎರಡೂ ಕಲೆತ ವಾಸನೆಯೊಂದು ನಾನಿದ್ದಲ್ಲಿಗೆ ತೇಲಿಬಂತು. ನೀವು ನಂಬಿದರೆ ನಂಬಿ, ನಾನು ಕೂತ ಕುರ್ಚಿಯ ಸಮೇತ ಐವತ್ತರ ದಶಕದ ಶಿಡ್ಲಘಟ್ಟಕ್ಕೆ, ನನ್ನ ದೊಡ್ಡಮ್ಮನ ಅಡುಗೆಮನೆಗೆ ಹೋಗಿ ಬಿದ್ದೆ.

ಆ ಮನೆಗೆ ಹೆಸರಿಗೆ ನಮ್ಮ ತಾತ ಯಜಮಾನ. ನಿಜವಾದ ಯಜಮಾನರು ರೇಷ್ಮೆ ಹುಳಗಳು. ಗಾಳಿ ಬೆಳಕು ಚೆನ್ನಾಗಿದ್ದ ನಡುಮನೆ ಪೂರ್ತಿ ಅವುಗಳದು. ಬಿದಿರಿನ ತಟ್ಟೆಗಳನ್ನು ಅಟ್ಟಣೆಯಲ್ಲಿ ಒಂದರ ಮೇಲೊಂದು ಜೋಡಿಸಿ, ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟು, ಬಿಸಿಲುಕಾಲದಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಚಳಿಯಲ್ಲಿ ಕೆಂಡದ ಕುಂಡ ಇಟ್ಟು ಸಾಕಬೇಕು. ಹುಳ ಮನೆಯಲ್ಲಿದ್ದಷ್ಟು ದಿನ ಘಾಟಿನ ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ನೆಂಟರು ಬಂದರೆ ಜಗುಲಿಯಲ್ಲೇ ನೀರು ಕೊಟ್ಟು ಕಳಿಸಬೇಕು. ರಜೆಗೆ ಹೋದ ನಾವು ಮಕ್ಕಳು ಜಾಗ ಸಿಕ್ಕಲ್ಲಿ ಮುದುರಿಕೊಳ್ಳುತ್ತಿದ್ದೆವು. ಹುಳಕ್ಕೆ ಸಿಗುವ ಮರ್ಯಾದೆ ಅಳಿಯನಿಗೂ ಸಿಗುತ್ತಿರಲಿಲ್ಲ.

ಈ ಏರ್ಪಾಟಿನಲ್ಲಿ ಹೆಚ್ಚು ನಷ್ಟವಾಗಿದ್ದು ನಮ್ಮ ಅಜ್ಜಿಗೆ. ಅವಳಿಗೆ ಉಬ್ಬಸ. ಹುಳ ನಡುಮನೆ ಹಿಡಿದ ಮೇಲೆ ಅವಳ ಚಾಪೆ ಅಡುಗೆಮನೆಗೆ ಬರುತ್ತಿತ್ತು. ಆ ಅಡುಗೆಮನೆಗಾದರೂ ಇದ್ದದ್ದು ಮಣ್ಣು ಮಾಳಿಗೆಯಲ್ಲಿ ಮಡಕೆಯ ಬಾಯಿಯಷ್ಟೇ ಅಗಲದ ಒಂದು ಗವಾಕ್ಷಿ. ಕಡ್ಡಿ ಗೀರಿದ ಗಳಿಗೆಯಿಂದ ಹೊಗೆ ಮಾಳಿಗೆಗೆ ತಾಕಿ, ದಾರಿ ಕಾಣದೆ ಕೆಳಕ್ಕಿಳಿದು ಅಜ್ಜಿಯ ಮೇಲೆ ಕೂರುತ್ತಿತ್ತು. ಅವಳು ಗೋಡೆಗೊರಗಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಎಳೆಯುತ್ತಿದ್ದಳು. ಚಳಿಗಾಲದಲ್ಲಿ ಮಲಗುವುದಕ್ಕೇ ಆಗುತ್ತಿರಲಿಲ್ಲ. ಮುಂದಿನ ಚಳಿ ದಾಟುವುದು ಕಷ್ಟ ಎಂದು ಪಂಡಿತರು ಹೇಳಿಹೋಗಿದ್ದರು.

ದೊಡ್ಡಮ್ಮ ನಂದಿಯ ಕಡೆಯವಳು, ನನ್ನ ದೊಡ್ಡಪ್ಪನ ಹೆಂಡತಿ. ಓದಿದವಳಲ್ಲ. ಆದರೆ ಮನೆಯಲ್ಲಿ ಏನಾದರೂ ತೊಡಕು ಕಂಡರೆ ಅದನ್ನು ಹಾಗೇ ಬಿಡುವ ಸಹನೆ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ. ಅವಳ ಸೂತ್ರ ಒಂದೇ. ಹುಳಕ್ಕೆ ಮಾಡಿದ ಉಪಚಾರವನ್ನು ಕದ್ದು ಮನುಷ್ಯರಿಗೆ ಮಾಡುವುದು. ಬೆಲ್ಲದ ಮಡಕೆಗೆ ಇರುವೆ ಮುತ್ತುತ್ತಿದೆಯೇ? ಅಟ್ಟಣೆಯ ಹಾಗೆ ಅದರ ಕೆಳಗೂ ನೀರಿನ ತಟ್ಟೆ. ಕುಡಿಯುವ ನೀರು ಕಾಯುತ್ತದೆಯೇ? ಗುಡಾಣಕ್ಕೂ ಒದ್ದೆ ಗೋಣಿ. ಸಣ್ಣ ಸಣ್ಣ ಕಿರಿಕಿರಿಗಳು ಹೀಗೆ ಒಂದೊಂದಾಗಿ ಮನೆ ಬಿಟ್ಟು ಹೋದವು. ಹುಳಕ್ಕೆ ಕೊಟ್ಟು ಮನುಷ್ಯರಿಗೆ ಕೊಡದೆ ಉಳಿದದ್ದು ಒಂದೇ, ಗಾಳಿ.

ಮೊದಲ ಪ್ರಯತ್ನ ಎಡವಟ್ಟಾಯಿತು. ದೊಡ್ಡಮ್ಮ ಹಾರೆ ಹಿಡಿದು ಅಡುಗೆಮನೆಯ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಿಂಡಿ ತೆಗೆದಳು. ಅಂದು ಕೆರೆಯ ಕಡೆಯಿಂದ ಬೀಸಿದ ಗಾಳಿ ಹೊಗೆಯನ್ನು ಹೊರಕ್ಕೆ ಬಿಡುವ ಬದಲು ಒಳಕ್ಕೆ ನೂಕಿ ನಡುಮನೆಗೆ ತುಂಬಿತು. ಹುಳಗಳು ತಲೆಯೆತ್ತಿ, ಮೇಯುವುದನ್ನು ನಿಲ್ಲಿಸಿದವು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳ ಸೊಪ್ಪು ಮೇಯುವ ಸರಸರ ಸದ್ದು ಆ ಮನೆಯಲ್ಲಿ ಸದಾ ಇರುತ್ತಿತ್ತು. ಅದು ಕೇಳಿಸದೆ ತಾತ ಹೊಲದಿಂದ ಬಂದವರು ಬಾಗಿಲಲ್ಲೇ ಬಿಳಿಚಿಕೊಂಡರು. ಸಂಜೆಗೆ ಹುಳ ಮತ್ತೆ ಬಾಯಿ ಹಾಕಿತು, ಪುಣ್ಯ. ಅಷ್ಟರಲ್ಲಿ ತಾತ ತಾವೇ ಮಣ್ಣು ಕಲಸಿ ಕಿಂಡಿ ಮುಚ್ಚಿಬಿಟ್ಟಿದ್ದರು. ಇನ್ನು ಗೋಡೆ ಮುಟ್ಟಿದರೆ ಒಲೆಯೂ ಅಜ್ಜಿಯೂ ಹಿತ್ತಿಲ ಗುಡಿಸಲಿಗೆ ಹೋಗಬೇಕಾಗುತ್ತದೆ ಎಂದರು.

ತಾತನ ಎದುರು ಸೊಸೆಯರು ಮಾತಾಡುವ ಪದ್ಧತಿ ಇರಲಿಲ್ಲ. ದೊಡ್ಡಮ್ಮ ಬಾಗಿಲ ಹಿಂದೆಯೇ ನಿಂತು, ತಲೆ ಬಗ್ಗಿಸಿಯೇ ಕೇಳಿದಳು.

"ಹುಳಕ್ಕೆ ಗಾಳಿ ಬೇಕು ಅಂತೀರಲ್ಲ ಮಾವ, ಅತ್ತೆಗೆ ಬೇಡ್ವಾ?"

ತಾತ ಎದ್ದು ಹೊಲಕ್ಕೆ ಹೋದರು. ಅವರು ಕೆಟ್ಟವರೆಂದು ನೀವು ತಿಳಿಯಬಾರದು. ಬೆಳೆ ಕೆಟ್ಟರೆ ಮನೆಮಂದಿಯೆಲ್ಲ ಏನು ತಿನ್ನಬೇಕೆಂಬ ಭಯ ಅವರದು, ಅಷ್ಟೆ.

ಆ ಬೆಳೆಯ ಗೂಡು ಸಂತೆಗೆ ಹೋಗಿ, ಮನೆಯಲ್ಲಿ ಹುಳವಿಲ್ಲದ ನಾಲ್ಕು ದಿನ ಸಿಕ್ಕವು. ದೊಡ್ಡಮ್ಮ ಕುಂಬಾರರ ಬೀದಿಗೆ ಹೋಗಿ, ಸುಡುವಾಗ ಆವಿಗೆಯಲ್ಲಿ ಸೀಳು ಬಿಟ್ಟು ಮೂಲೆಗೆ ಬಿದ್ದಿದ್ದ ಮಡಕೆಗಳನ್ನು ಹೊರಿಸಿಕೊಂಡು ಬಂದಳು. ಅಂಗಳದಲ್ಲಿ ಕೂತು ಒಂದೊಂದರ ತಳವನ್ನೂ ನಾಜೂಕಾಗಿ ತಟ್ಟಿ ಒಡೆದಳು. ಪಕ್ಕದ ಮನೆಯವರು ಇಣುಕಿ ನೋಡಿ, ಸೊಸೆಗೆ ಏನೋ ಸೋಕಿದೆ ಎಂದುಕೊಂಡರಂತೆ. ಅವಳು ಹುಡುಗಿಯಾಗಿದ್ದಾಗ ನಂದಿಯ ಸ್ಟೇಷನ್ನಿನಲ್ಲಿ ನಿಂತು ರೈಲು ನೋಡಿದವಳು. ಅಷ್ಟು ದೊಡ್ಡ ಒಲೆ ಹೊತ್ತುಕೊಂಡು ಓಡುವ ರೈಲಿನ ಹೊಗೆ ಯಾಕೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ನಮ್ಮದು ಯಾಕೆ ಹೋಗುವುದಿಲ್ಲ ಎಂಬುದೇ ಅವಳ ಯೋಚನೆ. ಹೊಗೆಗೆ ಕಿಂಡಿ ಸಾಲದು, ಕೊಳವೆ ಬೇಕು ಎಂದು ಅವಳಿಗೆ ಹೊಳೆದಿತ್ತು.

ತಾತ ಬಂದು ನೋಡಿದರು. ಒಲೆ ಆಗ್ನೇಯ ಮೂಲೆ ಬಿಟ್ಟು ಕದಲಬಾರದು ಎಂದರು. ಗವಾಕ್ಷಿ ಇದ್ದದ್ದು ಎರಡು ಮೊಳ ಆಚೆ.

"ಒಲೆ ಕದಲೋದು ಬೇಡ ಮಾವ, ಹೊಗೇನೇ ಕದಲಿಸ್ತೀನಿ."

ಒಲೆಯ ಮೇಲೆ ಮಣ್ಣಿನ ಮುಸುಕು ಕಟ್ಟಿ, ಅದರಿಂದ ಮಡಕೆಗಳನ್ನು ಒಂದರ ಬಾಯಿಗೆ ಇನ್ನೊಂದರ ತಳ ಸೇರಿಸಿ, ಗೋಡೆಯ ಉದ್ದಕ್ಕೂ ಓರೆಯಾಗಿ ಏರಿಸಿ ಗವಾಕ್ಷಿಯಿಂದ ಮಾಳಿಗೆಯ ಮೇಲಕ್ಕೆ ಎತ್ತಿದಳು. ಸಂದಿಗಳಿಗೆ ಮಣ್ಣು, ಸಗಣಿ, ಹೊಟ್ಟು. ಮಳೆ ಬೀಳದಂತೆ ತುದಿಯಲ್ಲಿ ಮೂರು ಕಲ್ಲಿನ ಮೇಲೆ ಮಗುಚಿಟ್ಟ ಇನ್ನೊಂದು ಮಡಕೆ. ಒಂದು ಕಿರಿಕಿರಿ ಕಳೆದರೆ ಇನ್ನೊಂದು ಹುಟ್ಟುವುದು ಮನೆ ರಿಪೇರಿಯ ಧರ್ಮ; ಗವಾಕ್ಷಿ ಮುಚ್ಚಿಹೋಗಿ ಅಡುಗೆಮನೆ ಕತ್ತಲಾಯಿತು. ಅವಳು ಹಿತ್ತಿಲ ಬಾಗಿಲಿನ ಎದುರುಗೋಡೆಗೆ ದಪ್ಪಗೆ ಸುಣ್ಣ ಬಳಿದಳು. ಬಾಗಿಲು ತೆರೆದರೆ ಬೆಳಕು ಗೋಡೆಗೆ ಬಿದ್ದು ಒಲೆಯವರೆಗೆ ಬರುತ್ತಿತ್ತು. ಈ ಹೆಂಗಸಿನ ತಲೆ ಎಂಥದ್ದೆಂದು ನೆನೆದರೆ ನನಗೆ ಇವತ್ತಿಗೂ ಹೆಮ್ಮೆ ಉಕ್ಕುತ್ತದೆ.

ಒಲೆ ಹಚ್ಚಿದಾಗ ನಾವೆಲ್ಲ ಬೀದಿಗೆ ಓಡಿದೆವು. ಮಾಳಿಗೆಯ ಮೇಲಿನ ಮಡಕೆಯ ಅಡಿಯಿಂದ ಹೊಗೆ ಮೊದಲು ಎಳೆಎಳೆಯಾಗಿ, ಆಮೇಲೆ ಧಾರಾಳವಾಗಿ ಹೊರಬಂತು. ಒಳಗೆ ಓಡಿಬಂದು ನೋಡಿದರೆ ಅಜ್ಜಿ ಬಾಯಿಂದ ಸೆರಗು ತೆಗೆದಿದ್ದಳು. ಚಿಂತಾಮಣಿ ಕಡೆಯಿಂದ ಬಂದ ಅವಳಿಗೆ ಸುಖದುಃಖವೆರಡೂ ತೆಲುಗಿನಲ್ಲೇ ಬರುತ್ತಿದ್ದವು.

"ಇಪ್ಪುಡು ಊಪಿರಾಡ್ತುಂದಮ್ಮಾ" ಎಂದಳು. ಈಗ ಉಸಿರಾಡ್ತಾ ಇದೆ ಎಂದು.

ಆ ಚಳಿಗಾಲ ಅಜ್ಜಿ ಮಲಗಿ ನಿದ್ದೆ ಮಾಡಿದಳು. ಅದಾದ ಮೇಲೂ ಎಷ್ಟೋ ಚಳಿಗಾಲ ನಮಗೆ ಕಥೆ ಹೇಳಿದಳು. ತಾತನಂತೂ ಹೊಗಳಿದವರಲ್ಲ. ಮುಂದಿನ ಬೆಳೆಗೆ ಹುಳ ಕೂರಿಸುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೆಂಡದ ಕುಂಡದಿಂದ ಹುಳಕ್ಕೆ ಉಸಿರು ಕಟ್ಟುತ್ತದೆ, ನಡುಮನೆಗೂ ಇಂಥದೊಂದು ಆದೀತೇ ಎಂದು ಸೊಸೆಯನ್ನು ಕೇಳಿದರು. ಆ ಮನೆಯಲ್ಲಿ ಮನುಷ್ಯರ ಸೌಕರ್ಯವನ್ನು ಹುಳಕ್ಕೆ ಸಾಲ ಕೇಳಿದ್ದು ಅದೇ ಮೊದಲು.

ಈ ಕಥೆಯನ್ನು ನಾನು ಹೇಳದ ನೆಂಟರಿಲ್ಲ. ಪ್ರತಿ ಸಲವೂ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಾಳೆ. ಮೊನ್ನೆಯೂ ಗೋಡೆ ಕೊರೆಯುವ ಸದ್ದು ನಿಂತ ಕೂಡಲೇ ನಾನು ಕೂತಲ್ಲಿಂದಲೇ ದನಿಯೆತ್ತರಿಸಿ ಮಿಸ್ತ್ರಿಗೆ ಅದನ್ನು ಹೇಳತೊಡಗಿದೆ. ಅವನು ಬೆವರು ಒರೆಸಿಕೊಳ್ಳುತ್ತ, ಸೆಕೆ ತಡೆಯಲಾಗದೆ ಸುತ್ತ ನೋಡಿ, ಇಲ್ಲಿ ಫ್ಯಾನ್ ಇಲ್ವಾ ಅಮ್ಮ ಎಂದು ಕೇಳಿದ್ದು ನನಗೂ ಕೇಳಿಸಿತು.

"ಇಲ್ಲ ಕಣಪ್ಪ. ಫ್ಯಾನೆಲ್ಲ ಹುಳ ಸಾಕೋ ಕಡೆ ಹಾಕಿದೀವಿ" ಎಂದಳು ನನ್ನ ಹೆಂಡತಿ, ಪಾತ್ರೆ ಒರೆಸುತ್ತಲೇ.

ನಾನು ತಲೆಯೆತ್ತಿ ನೋಡಿದೆ. ಫ್ಯಾನು ನಿಶ್ಚಿಂತೆಯಿಂದ ನನ್ನ ಮೇಲೆ ತಿರುಗುತ್ತಿತ್ತು. ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ಅಡುಗೆಮನೆಗೆ ಹೋದೆ. ಒಳಗೆ ನಿಜಕ್ಕೂ ಬೇಯುವಂಥ ಸೆಕೆ. ಇಲ್ಲಿಗೊಂದು ಫ್ಯಾನು ಇವತ್ತೇ ಹಾಕಲಿಕ್ಕಾಗುತ್ತದೆಯೇ ಎಂದು ಮಿಸ್ತ್ರಿಯನ್ನು ಕೇಳಿದೆ.